ಇಂಜಿನ್ನಿನ ಜಾತಕ

ಹಳೇ ಬೈಕ್ ಮಾರಿದವರಿಗೆ ಇದು ಗೊತ್ತಿರುತ್ತದೆ. ಆರ್‌ಟಿಓ ಫಾರ್ಮಿನ ಜೊತೆ ಚಾಸಿ ನಂಬರಿನ ಪ್ರಿಂಟ್ ಕೊಡಬೇಕು. ಏಜೆಂಟ್ ಬಂದು ಗ್ರೀಸು ಒರೆಸುತ್ತಾನೆ, ಸಣ್ಣ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಾನೆ, ನಂಬರ್ ಮೂಡುತ್ತದೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಅಮೆರಿಕದಲ್ಲಿ 1960ರ ದಶಕದ ಮಸಲ್ ಕಾರುಗಳಿಗೆ, ಅಂದರೆ ದೊಡ್ಡ ಇಂಜಿನ್ನಿನ ವೇಗದ ಕಾರುಗಳಿಗೆ, ಮರುಜೀವ ಕೊಡುವವರ ಕೆಲಸ ಶುರುವಾಗುವುದೇ ಅಲ್ಲಿಂದ.

1969ರ ಶೆವ್ರೊಲೆ ಕ್ಯಾಮಾರೊ ಝಡ್ 28 ನೋಡಿ. ರೇಸಿಗೆಂದೇ ಹುಟ್ಟಿದ ಕಾರು. ಟ್ರಾನ್ಸ್-ಆ್ಯಮ್ ರೇಸಿನಲ್ಲಿ ಇಂಜಿನ್ 5 ಲೀಟರ್ ದಾಟುವಂತಿರಲಿಲ್ಲ. ಅದಕ್ಕೇ 4 ಇಂಚು ಬೋರ್ (ಸಿಲಿಂಡರಿನ ಅಗಲ), 3 ಇಂಚು ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಇಟ್ಟು 302 ಘನ ಇಂಚಿನ, ಅಂದರೆ 5 ಲೀಟರಿಗಿಂತ ಚೂರು ಕಡಿಮೆಯ, ವಿ8 (ಎಂಟು ಸಿಲಿಂಡರಿನ ಇಂಜಿನ್) ಮಾಡಿದರು. ಇವತ್ತು ಅದಕ್ಕೆ ಭಾರೀ ಬೆಲೆ. ಆದರೆ ಕಾರಿನ ಚಾಸಿ ನಂಬರ್ ನೋಡಿದರೆ ಅದು ಝಡ್ 28 ಅಂತ ಎಲ್ಲೂ ಹೇಳುವುದಿಲ್ಲ. ಶುರುವಿನ 124 ಅಂದರೆ ವಿ8 ಇರುವ ಕ್ಯಾಮಾರೊ, ಅಷ್ಟೇ. ಆಫೀಸಿಗೆ ಹೋಗಿಬರುತ್ತಿದ್ದ ಸಾದಾ ವಿ8 ಕಾರಿಗೂ ಅದೇ 124. ಬಾನೆಟ್ ಮೇಲೆ ಎರಡು ಪಟ್ಟೆ ಬಳಿದು, ಬ್ಯಾಡ್ಜ್ ಅಂಟಿಸಿದರೆ ಹೊರಗಿನಿಂದ ಗುರುತು ಹಿಡಿಯುವುದು ಕಷ್ಟ.

ಫೋರ್ಡ್ ಕಾರಾದರೆ ಇಷ್ಟು ಒದ್ದಾಡಬೇಕಿಲ್ಲ. 1967ರಿಂದೀಚಿನ ಫೋರ್ಡ್ ಉತ್ಪಾದನೆಯ ದಾಖಲೆ ಉಳಿದಿದೆ. ದುಡ್ಡು ಕೊಟ್ಟರೆ ಮಾರ್ಟಿ ರಿಪೋರ್ಟ್ ಅಂತ ತೆಗೆದುಕೊಡುತ್ತಾರೆ. ಪಾಂಟಿಯಾಕ್‌ನ ಬಿಲ್ಲುಗಳೂ ಸಿಗುತ್ತವೆ. ಅಮೆರಿಕದಲ್ಲಿ ಮಾರಾಟವಾದ ಶೆವ್ರೊಲೆಗಳಿಗೆ ಮಾತ್ರ ಆ ಅದೃಷ್ಟ ಇಲ್ಲ. ಹಾಗಾಗಿ ಕಬ್ಬಿಣವನ್ನೇ ಕೇಳಬೇಕು.

ಇಂಜಿನ್ ಬ್ಲಾಕಿನ ಮೇಲೆ ಎರಡು ಬಗೆಯ ಬರಹ ಇರುತ್ತದೆ. ಒಂದು ಉಬ್ಬಿರುವುದು, ಇನ್ನೊಂದು ತಗ್ಗಾಗಿರುವುದು. ಉಬ್ಬಿದ್ದು ಎರಕದ ನಂಬರ್. ಮರಳಿನ ಅಚ್ಚಿನಲ್ಲೇ ಅದರ ಗುರುತು ಇರುತ್ತದೆ. ಕಾದ ಕಬ್ಬಿಣ ಸುರಿದಾಗ ಮೈಯ ಭಾಗವಾಗಿಯೇ ಮೂಡುತ್ತದೆ. ಪಕ್ಕದಲ್ಲಿ ಎರಕ ಹೊಯ್ದ ತಾರೀಖೂ ಇರುತ್ತದೆ. ತಿಂಗಳಿಗೊಂದು ಅಕ್ಷರ: ಜನವರಿಗೆ ‘ಎ’, ಡಿಸೆಂಬರಿಗೆ ‘ಎಲ್’. ‘ಎಲ್ 17 8’ ಅಂದರೆ 1968ರ ಡಿಸೆಂಬರ್ 17.

ತಗ್ಗಾಗಿರುವುದು ಪಂಚ್ ಹೊಡೆದ ನಂಬರ್. ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ ಸಣ್ಣದೊಂದು ಚಪ್ಪಟೆ ಜಾಗ ಇದೆ. 1969ರಲ್ಲಿ ಆಲ್ಟರ್ನೇಟರ್ ಕೂಡ ಅದೇ ಬದಿಗೆ ಬಂತು. ಅದರ ಹಿಂದೆ, ಐವತ್ತು ವರ್ಷದ ಜಿಡ್ಡಿನ ಕೆಳಗೆ, ‘ವಿ 0108 ಡಿಝಡ್’ ಎನ್ನುವಂಥ ಸಾಲು ಕೂತಿರುತ್ತದೆ. ‘ವಿ’ ಅಂದರೆ ಫ್ಲಿಂಟ್ ಊರಿನ ಕಾರ್ಖಾನೆ. ಜೋಡಿಸಿದ್ದು ಜನವರಿ 8. ‘ಡಿಝಡ್’ ಅಂದರೆ ಆ ವರ್ಷದ 302 ಇಂಜಿನ್. ಜೊತೆಗೆ ಕಾರಿನ ಚಾಸಿ ನಂಬರಿನ ಬಾಲವನ್ನೂ ಹೊಡೆದಿರುತ್ತಾರೆ. ಊರು, ತಾರೀಖು, ಕುಲ ಎಲ್ಲ ಬಂತಲ್ಲ, ಥೇಟ್ ಜಾತಕವೇ.

ಜಾತಕ ಅಂದಮೇಲೆ ಕೂಡಿ ಬರಬೇಕು. ಮೊದಲು ಎರಕ, ಆಮೇಲೆ ಜೋಡಣೆ, ಆಮೇಲೆ ಕಾರು. ಬಾಡಿಯ ತಗಡಿನ ಮೇಲೆ ‘01ಸಿ’ ಅಂತಿದ್ದರೆ ಜನವರಿಯ ಮೂರನೇ ವಾರ. ಡಿಸೆಂಬರಿನಲ್ಲಿ ಎರಕ ಹೊಯ್ದು, ಜನವರಿ 8ಕ್ಕೆ ಜೋಡಿಸಿದ ಇಂಜಿನ್ ಅದರಲ್ಲಿ ಕೂತಿದ್ದರೆ ಸರಿ. ಬ್ಲಾಕಿನ ಮೇಲೆ ಫೆಬ್ರವರಿ ತಾರೀಖು ಇದ್ದರೆ? ಇಂಜಿನ್ ಹುಟ್ಟುವ ಮೊದಲೇ ಕಾರು ಓಡಿದಂತಾಯಿತು. ಕಾರ್ಬ್ಯುರೇಟರಿಗೂ ಇದೇ ಪರೀಕ್ಷೆ. ಆಗಿನ ಹಾಲಿ (Holley) ಕಂಪನಿಯ ಕಾರ್ಬ್ಯುರೇಟರಿನಲ್ಲಿ ಮೂರೇ ಅಂಕೆ: ವರ್ಷ, ತಿಂಗಳು, ವಾರ.

ಒಂದು ಕಡೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ವರ್ಷಕ್ಕೆ ಒಂದೇ ಅಂಕೆ ನೋಡಿ. 3970010 ಅನ್ನುವ ಎರಕದ ನಂಬರಿನ ಬ್ಲಾಕ್ 1969ರಿಂದ 1979ರವರೆಗೂ ಬಂತು. ಅದರ ಮೇಲೆ ‘ಸಿ 12 9’ ಅಂತಿದ್ದರೆ ಮಾರ್ಚ್ 12 ಹೌದು, ಆದರೆ ಯಾವ 9? 302ಕ್ಕೂ 350 ಘನ ಇಂಚಿನ ಇಂಜಿನ್ನಿಗೂ ಬೋರ್ ಒಂದೇ, 4 ಇಂಚು. ವ್ಯತ್ಯಾಸ ಇರುವುದು ಸ್ಟ್ರೋಕಿನಲ್ಲಿ. ಅಂದರೆ 1979ರ ಯಾವುದೋ ಪಿಕಪ್ ಟ್ರಕ್ಕಿನ 350 ಬ್ಲಾಕ್ ಹತ್ತು ವರ್ಷ ವಯಸ್ಸು ಏರಿಸಿಕೊಂಡು ಝಡ್ 28 ವೇಷ ಹಾಕಬಹುದು. ಉಬ್ಬಿದ ನಂಬರಿನಲ್ಲಿ ಸುಳ್ಳಿಲ್ಲ. ಪಂಚ್ ಹೊಡೆದದ್ದನ್ನು ಮಾತ್ರ ಅಳಿಸಿ, ಹೊಸದಾಗಿ ‘ಡಿಝಡ್’ ಹೊಡೆದರೆ ಸಾಕು.

ಈಗ ನಂಬರ್ ಬಿಟ್ಟು ಅದರ ಸುತ್ತಲಿನ ಜಾಗ ನೋಡಬೇಕು. ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಮಟ್ಟ ಮಾಡುತ್ತಿದ್ದದ್ದು ಬ್ರೋಚ್ ಎಂಬ ಉದ್ದನೆಯ ಉಪಕರಣ. ಸಾಲುಸಾಲು ಹಲ್ಲುಗಳು ಇಂಜಿನ್ನಿನ ಉದ್ದಕ್ಕೂ ಒಂದೇ ಎಳೆತದಲ್ಲಿ ಕೆರೆಯುತ್ತಿದ್ದವು. ಹಾಗಾಗಿ ಅಲ್ಲಿ ಕೂದಲಿನಂಥ ನೇರ ಗೀರುಗಳು ಉಳಿಯುತ್ತವೆ. ಗೀರು ಮೊದಲು, ಪಂಚ್ ಆಮೇಲೆ. ಭೂತಗನ್ನಡಿ ಹಿಡಿದರೆ ಗೀರುಗಳು ಅಂಕಿಯ ಅಂಚಿನವರೆಗೆ ಬಂದು, ತುಂಡಾಗಿ, ಆಚೆ ಕಡೆ ಮತ್ತೆ ಅದೇ ಗೆರೆಯಲ್ಲಿ ಮುಂದುವರಿಯುವುದು ಕಾಣುತ್ತದೆ. ಸಾಮಾನ್ಯ ವರ್ಕ್‌ಶಾಪಿನ ಮಿಲ್ಲಿಂಗ್ ಮೆಷಿನ್ನಿನ ಕಟರ್ ಸುತ್ತುತ್ತದೆ. ಅದು ಬಿಡುವುದು ಬಿಲ್ಲಿನಂಥ ಬಾಗಿದ ಗೀರು. ಎಮೆರಿ ಪೇಪರಿನಲ್ಲಿ ಉಜ್ಜಿ ನೇರ ಗೀರು ಹಾಕುವವರೂ ಇದ್ದಾರೆ ಅನ್ನಿ. ಹಾಗಂತ ಬಾಗಿದ ಗೀರು ಕಂಡ ತಕ್ಷಣ ಕಳ್ಳ ಅನ್ನುವುದೂ ತಪ್ಪು. ಎಂದೋ ಹೆಡ್ ಗ್ಯಾಸ್ಕೆಟ್ ಲೀಕಾಗಿ, ಪಾಪದ ಮೆಕ್ಯಾನಿಕ್ ಬ್ಲಾಕ್ ಮಟ್ಟ ಮಾಡಿಸಿದಾಗ ನಂಬರೂ ಹೋಗಿರಬಹುದು.

ಅಳಿಸಿದ ನಂಬರ್ ಮತ್ತೆ ಓದಲು ಆಗುತ್ತದಾ? ಎಷ್ಟೋ ಸಲ ಆಗುತ್ತದೆ. ಪಂಚ್ ಬಿದ್ದಾಗ ಲೋಹ ತಗ್ಗಾಗುವುದಷ್ಟೇ ಅಲ್ಲ, ತಗ್ಗಿನ ಕೆಳಗಿನ ಹರಳುಗಳೂ ನಜ್ಜುಗುಜ್ಜಾಗುತ್ತವೆ. ಅರ ಹಾಕಿ ತಗ್ಗನ್ನು ಸವರಿದರೂ ಆ ಪೆಟ್ಟು ಒಳಗೆ ಉಳಿದಿರುತ್ತದೆ. ಪೊಲೀಸರ ಫೋರೆನ್ಸಿಕ್ ಲ್ಯಾಬುಗಳಲ್ಲಿ ಆ ಜಾಗವನ್ನು ಕನ್ನಡಿಯಂತೆ ಪಾಲಿಶ್ ಮಾಡಿ ಫ್ರೈ ದ್ರಾವಣ ಹಚ್ಚುತ್ತಾರೆ. ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಇರುವ ದ್ರಾವಣ ಅದು. ಪೆಟ್ಟು ತಿಂದ ಲೋಹ ಅದರಲ್ಲಿ ಕರಗುವ ವೇಗವೇ ಬೇರೆ, ಸುತ್ತಲಿನದ್ದೇ ಬೇರೆ. ಹತ್ತಿಯಲ್ಲಿ ಒರೆಸುತ್ತಾ ಹೋದರೆ ಹಳೆಯ ಅಂಕಿ ನೆರಳಿನ ಹಾಗೆ ಮೇಲೆ ಬರುತ್ತದೆ. ಕೆಲವೊಮ್ಮೆ ಒಂದು ಕ್ಷಣ ಕಂಡು ಮಾಯವಾಗುತ್ತದೆ. ಅದಕ್ಕೇ ಕ್ಯಾಮೆರಾ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಬಾಡಿಯ ಉಕ್ಕಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಲಾಕಿನ ಎರಕದ ಕಬ್ಬಿಣದಲ್ಲಿ ಕಷ್ಟ. ಅದರೊಳಗೆ ಗ್ರಾಫೈಟ್ ಚಕ್ಕೆಗಳಿರುತ್ತವೆ, ಪೆಟ್ಟಿಗೆ ಬಾಗುವ ಗುಣ ಕಡಿಮೆ. ಹಾಗಾಗಿ ಪಂಚಿನ ಏಟು ಆಳಕ್ಕೆ ಇಳಿಯುವುದಿಲ್ಲ. ಸ್ವಲ್ಪ ಜಾಸ್ತಿ ಸವರಿದರೂ ಮುಗಿಯಿತು.

ಇಷ್ಟೆಲ್ಲ ಯಾಕೆ, ಕಾಗದವೇ ಸಿಕ್ಕರೆ ಸಾಕಲ್ವಾ ಅನ್ನಿಸಬಹುದು. ಸಿಗುವುದೂ ಉಂಟು. ಯಾವ ಕಾರಿಗೆ ಯಾವ ಇಂಜಿನ್, ಯಾವ ಬಣ್ಣ ಅಂತ ಬರೆದ ಹಾಳೆ ಕಾರ್ಖಾನೆಯಲ್ಲಿ ಜೋಡಣೆಯವರ ಕೈಯಲ್ಲಿರುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನು ಸುಮ್ನೆ ಸೀಟಿನ ಸ್ಪ್ರಿಂಗಿನ ಸಂದಿಗೋ ಪೆಟ್ರೋಲ್ ಟ್ಯಾಂಕಿನ ಮೇಲಕ್ಕೋ ತುರುಕಿಬಿಡುತ್ತಿದ್ದರು. ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಹಿಂದಿನ ಸೀಟು ಬಿಚ್ಚುವಾಗ ಎಲ್ಲರೂ ಉಸಿರು ಬಿಗಿ ಹಿಡಿದು ಹುಡುಕುವುದು ಇದನ್ನೇ. ಇಲಿ ಕಡಿದ, ತುಕ್ಕಿನ ಕಲೆಯಾದ ಹಾಳೆಯನ್ನು ಮೆಲ್ಲಗೆ ಬಿಡಿಸಿ, ಮೂಲೆಯಲ್ಲಿನ ಚಾಸಿ ನಂಬರ್ ಓದುತ್ತಾರೆ. ಕೆಲವೊಮ್ಮೆ ಅದು ಬೇರೆ ಯಾವುದೋ ಕಾರಿನದ್ದಾಗಿರುತ್ತದೆ.