ಹುಳುಕಡ್ಡಿಗೆ ಯಾವ ಔಷಧಿ ನಾಟುತ್ತೆ? ಲ್ಯಾಬ್ ಪರೀಕ್ಷೆ ಬಂದ ದಾರಿ

ತೊಡೆಸಂದಿಯಲ್ಲಿ ಕೆಂಪು ಉಂಗುರ, ರಾತ್ರಿಯಿಡೀ ತುರಿಕೆ. ಮಾತ್ರೆ ನುಂಗುವಷ್ಟು ದಿನ ಹತೋಟಿ, ಬಿಟ್ಟರೆ ಮತ್ತೆ ಶುರು. ಭಾರತದಲ್ಲಿ ಹತ್ತು ವರ್ಷಗಳಿಂದ ಹುಳುಕಡ್ಡಿ ಹೀಗೇ ಕಾಡುತ್ತಿದೆ. ಈ ಫಂಗಸ್ ಯಾವ ಔಷಧಿಗೆ ಬಗ್ಗುತ್ತೆ ಅಂತ ಮೊದಲೇ ಪರೀಕ್ಷೆ ಮಾಡಬಹುದಲ್ವಾ?

1950ರ ದಶಕದ ಕೊನೆಗೆ ಹುಳುಕಡ್ಡಿಗೆ ಗ್ರಿಸಿಯೋಫುಲ್ವಿನ್ ಅನ್ನುವ ಔಷಧಿ ಬಂತು, 1990ರ ದಶಕದಲ್ಲಿ ಟರ್ಬಿನಾಫಿನ್. ಔಷಧಿ ಕೆಲಸ ಮಾಡುತ್ತಿರುವಾಗ ಪರೀಕ್ಷೆಯ ಗೊಡವೆ ಯಾರಿಗೂ ಇರಲಿಲ್ಲ. 2003ರಲ್ಲಿ ಅಮೆರಿಕದಿಂದ ಟರ್ಬಿನಾಫಿನ್‌ಗೆ ಜಗ್ಗದ ಫಂಗಸ್‌ನ ವರದಿ ಬಂತು. ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ರೂಪಿಸುವ ಅಲ್ಲಿನ ಸಿಎಲ್‌ಎಸ್‌ಐ ಸಂಸ್ಥೆ ಚರ್ಮದ ಫಂಗಸ್‌ಗಳ ಪರೀಕ್ಷೆಗೆ ವಿಧಾನ ಗೊತ್ತುಮಾಡಿದ್ದು 2008ರಲ್ಲಿ.

ಆ ಪರೀಕ್ಷೆಗೆ ತಾಳ್ಮೆ ಬೇಕು. ಕಲೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಹೊಟ್ಟು ತೆಗೆಯುತ್ತಾರೆ. ಅದನ್ನು ಕಲ್ಚರ್‌ಗೆ ಹಾಕಿದರೆ ಫಂಗಸ್ ಬೆಳೆಯಲು ಎರಡು ವಾರ, ಕೆಲವೊಮ್ಮೆ ನಾಲ್ಕು. ಬೆಳೆದರೂ ಬೀಜಕಣ ಬಿಡಬೇಕು. ಕೆಲವು ಸುಲಭಕ್ಕೆ ಬಿಡೋದಿಲ್ಲ, ಅವಕ್ಕೆ ಓಟ್ಸ್ ಹಾಕಿದ ಅಗಾರ್ (ಫಂಗಸ್ ಬೆಳೆಸುವ ಜೆಲ್ಲಿ) ಬೇಕು. ಆಮೇಲೆ 96 ಪುಟ್ಟ ಗುಂಡಿಗಳ ತಟ್ಟೆ. ಗುಂಡಿಯಿಂದ ಗುಂಡಿಗೆ ಔಷಧಿ ಅರ್ಧಕ್ಕರ್ಧ ಕಡಿಮೆ. ಲೆಕ್ಕ ಹಾಕಿದಷ್ಟೇ ಬೀಜಕಣ ಬಿಟ್ಟು, 35 ಡಿಗ್ರಿ ಶಾಖದಲ್ಲಿ ನಾಲ್ಕು ದಿನ ಇಡಬೇಕು. ಬೆಳವಣಿಗೆ ಶೇ 80ರಷ್ಟು ಕುಗ್ಗಿದ ಗುಂಡಿಗಳಲ್ಲಿ ಅತಿ ಕಡಿಮೆ ಔಷಧಿ ಇರುವುದು ಯಾವುದೋ, ಅದರ ಪ್ರಮಾಣವೇ ಫಲಿತಾಂಶ. ಅಷ್ಟರಲ್ಲಿ ರೋಗಿ ಇನ್ನೆರಡು ಟ್ಯೂಬ್ ಮುಲಾಮು ಮುಗಿಸಿರುತ್ತಾರೆ.

ಇಷ್ಟಾದರೂ ಕೈಗೆ ಸಿಗೋದು ಒಂದು ಅಂಕಿ. ಎಷ್ಟರ ಮೇಲಿದ್ದರೆ ಔಷಧಿ ಕೈಕೊಡುತ್ತೆ ಅನ್ನುವ ಗೆರೆಯನ್ನು ಸಿಎಲ್‌ಎಸ್‌ಐ ಎಳೆದಿಲ್ಲ. ಯುರೋಪಿನ ಇಂಥದ್ದೇ ಸಂಸ್ಥೆ ಯುಕಾಸ್ಟ್ 2020ರಲ್ಲಿ ತನ್ನದೇ ವಿಧಾನ ತಂದಿತು. ಅದರಲ್ಲಿ ಬೆಳವಣಿಗೆ ಶೇ 50ರಷ್ಟು ಕುಗ್ಗಿದರೆ ಸಾಕು. ಹಾಗಾಗಿ ಎರಡು ಲ್ಯಾಬ್‌ಗಳ ಅಂಕಿಗಳನ್ನು ಸುಮ್ನೆ ಅಕ್ಕಪಕ್ಕ ಇಟ್ಟು ನೋಡುವಂತಿಲ್ಲ.

ಈ ನಡುವೆ ನಮ್ಮಲ್ಲಿ ಫಂಗಸ್ಸೇ ಬದಲಾಗಿತ್ತು. ಟರ್ಬಿನಾಫಿನ್ ತಡೆಯಬೇಕಾದ ಕಿಣ್ವದ ಜೀನ್‌ನಲ್ಲಿ ರೂಪಾಂತರ ಆಗಿದ್ದನ್ನು 2018ರಲ್ಲಿ ದೆಹಲಿಯ ಸಂಶೋಧಕರು ತೋರಿಸಿದರು. 2020ರಲ್ಲಿ ಜಪಾನಿನ ಸಂಶೋಧಕರು ಈ ಫಂಗಸ್‌ಗೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. 2023ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲೂ ಕಾಣಿಸಿತು. ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಬೇಗ ತಗ್ಗಿಸುತ್ತೆ, ಫಂಗಸ್‌ಗೆ ಹರಡಲು ದಾರಿ ಬಿಡುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಿತು. ಆ ಕೆಲಸ ಬಹಳ ಹಿಂದೆಯೇ ಆಗಬೇಕಿತ್ತು.

ಈಗ ಜೀನ್ ಪರೀಕ್ಷೆಯಿಂದ ಟರ್ಬಿನಾಫಿನ್ ವಿಷಯ ಬೇಗ ತಿಳಿಯುತ್ತೆ. ಇನ್ನೊಂದು ಫಂಗಸ್ ಔಷಧಿ ಇಟ್ರಾಕೊನಜೋಲ್ ಬಗ್ಗೆ ಅದು ಹೇಳೋದಿಲ್ಲ, ಅದಕ್ಕೆ ತಟ್ಟೆಯೇ ಬೇಕು. ಎಲ್ಲರಿಗೂ ಈ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಪೂರ್ತಿ ಕೋರ್ಸ್ ಸರಿಯಾಗಿ ಮುಗಿಸಿಯೂ ವಾಸಿಯಾಗದವರಿಗಂತೂ ಜಿಲ್ಲಾ ಮಟ್ಟದಲ್ಲೇ ಇದು ಸಿಗಬೇಕು.