ಸ್ಟೇಟ್ ಕೋರ್ಟಲ್ಲಿ ಹಾಕಿದ ಕೇಸನ್ನ ಕಂಪನಿ ಫೆಡರಲ್ ಕೋರ್ಟಿಗೆ ಎಳ್ಕೊಂಡು ಹೋದ್ರೆ

ಸೋತ ಹಾಗಲ್ಲ, ಮೊದಲು ಅದನ್ನ ಹೇಳ್ಬಿಡ್ತೀನಿ. ನಾನು ಕ್ಯಾಲಿಫೋರ್ನಿಯಾದಲ್ಲಿ ಎಂಪ್ಲಾಯ್ಮೆಂಟ್ ಕೇಸ್ ನಡೆಸೋದು, ನಮ್ಮ ಕನ್ನಡದವರು ಫೋನ್ ಮಾಡಿ ಗಾಬರಿ ಬೀಳೋದು ಹೆಚ್ಚಾಗಿ ಇದಕ್ಕೇನೆ. ಸಾಂಟಾ ಕ್ಲಾರಾ ಕೌಂಟಿ ಸುಪೀರಿಯರ್ ಕೋರ್ಟಲ್ಲಿ ತಾರತಮ್ಯದ ಕೇಸ್ ಹಾಕಿರ್ತಾರೆ, ಕಂಪನಿ ವಕೀಲರು ಸಮನ್ಸ್ ಸಿಕ್ಕ 30 ದಿನದೊಳಗೆ ಒಂದು ನೋಟಿಸ್ ಫೈಲ್ ಮಾಡಿ ಸ್ಯಾನ್ ಹೋಸೆ ಫೆಡರಲ್ ಕೋರ್ಟಿಗೆ (ಅಂದ್ರೆ ಕೇಂದ್ರದ ಕೋರ್ಟಿಗೆ) ತಗೊಂಡು ಹೋಗ್ತಾರೆ, ಅದಕ್ಕೆ ಜಡ್ಜ್ ಪರ್ಮಿಷನ್ ಕೂಡ ಬೇಕಾಗಲ್ಲ.

ಯಾಕೆ ಹೋಗ್ತಾರೆ ಅಂದ್ರೆ ದೊಡ್ಡ ಕಾರಣ ಜ್ಯೂರಿ, ಅಂದ್ರೆ ತೀರ್ಪು ಹೇಳೋಕೆ ಕೂರಿಸೋ ಸಾಮಾನ್ಯ ಜನ. ಇಲ್ಲಿ ಸ್ಟೇಟ್ ಕೋರ್ಟಲ್ಲಿ ಸಿವಿಲ್ ಕೇಸಿಗೆ 12 ಜನರಲ್ಲಿ 9 ಜನ ನಿಮ್ಮ ಕಡೆ ಬಂದ್ರೆ ಸಾಕು, ಫೆಡರಲಲ್ಲಿ ಎಲ್ಲರೂ ಒಪ್ಪಬೇಕು. ಒಬ್ಬರು ತಲೆ ಅಲ್ಲಾಡಿಸಿದ್ರೂ ವರ್ಡಿಕ್ಟ್ ಇಲ್ಲ. ಕಾನೂನು ಮಾತ್ರ ಬದಲಾಗಲ್ಲ, ನಿಮ್ಮ ಕ್ಲೇಮ್ ಸ್ಟೇಟ್ ಕಾನೂನಿಂದು ಅಂದ್ರೆ ಫೆಡರಲ್ ಜಡ್ಜೂ ಸ್ಟೇಟ್ ಕಾನೂನನ್ನೇ ಹಾಕ್ಬೇಕು, 1938ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಈರಿ ಕೇಸಿಂದ ಹಾಗೇ ಇದೆ.

ಹೋಗೋಕೆ ದಾರಿ ಮುಖ್ಯವಾಗಿ ಎರಡು. ಒಂದು, ನೀವೇ ಫೆಡರಲ್ ಕ್ಲೇಮ್ ಸೇರಿಸಿರೋದು. ಕೆಲಸದಲ್ಲಿ ತಾರತಮ್ಯ ತಡೆಯೋ ಕ್ಯಾಲಿಫೋರ್ನಿಯಾದ ಫೀಹಾ ಕಾನೂನಲ್ಲಿ ಪರಿಹಾರಕ್ಕೆ ಮಿತಿ ಇಲ್ಲ, ಅದೇ ವಿಷಯದ ಫೆಡರಲ್ ಕಾನೂನು ಟೈಟಲ್ 7ರಲ್ಲಿ 500ಕ್ಕಿಂತ ಹೆಚ್ಚು ಜನ ಇರೋ ಕಂಪನಿಗೂ ಮಾನಸಿಕ ನೋವಿನ ಪರಿಹಾರ, ದಂಡದ ರೂಪದ ಪರಿಹಾರ ಎರಡೂ ಸೇರಿ 3 ಲಕ್ಷ ಡಾಲರಿಗೆ ಸೀಲಿಂಗ್. ಹಂಗಿದ್ಮೇಲೆ ಟೈಟಲ್ 7 ಯಾಕೆ ಸೇರಿಸ್ತೀರಾ ಅಂತ ನಾನು ಪ್ರತಿ ಸಲ ಕೇಳ್ತೀನಿ. ಸೇರಿಸಿ ಆಗಿದ್ರೂ ದಾರಿ ಇದೆ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಯಲ್ ಕೆನಿನ್ ಕೇಸಲ್ಲಿ ಹೇಳಿದ್ದು, ನೀವು ಫೆಡರಲ್ ಕ್ಲೇಮ್ ಕೈಬಿಟ್ಟು ತಿದ್ದಿ ಹಾಕಿದ್ರೆ, ಬೇರೆ ಫೆಡರಲ್ ಆಧಾರ ಇಲ್ದಿದ್ರೆ ಕೇಸ್ ಸ್ಟೇಟ್ ಕೋರ್ಟಿಗೆ ವಾಪಸ್ ಬರ್ಲೇಬೇಕು ಅಂತ.

ಎರಡನೇದು ಡೈವರ್ಸಿಟಿ. ಎರಡೂ ಕಡೆಯವರು ಬೇರೆ ಬೇರೆ ರಾಜ್ಯದ ಸಿಟಿಜನ್, ಇಲ್ಲಾ ಒಂದು ಕಡೆಯವರು ವಿದೇಶಿ ಪ್ರಜೆ, ಕ್ಲೇಮ್ 75,000 ಡಾಲರಿಗಿಂತ ಜಾಸ್ತಿ. ನಮ್ಮವರಿಗೆ ಇಲ್ಲೇ ಗೊಂದಲ. ಎಚ್-1ಬಿ ಕೆಲಸದ ವೀಸಾ ಮೇಲೆ ಸನ್ನಿವೇಲಲ್ಲಿ ಎಷ್ಟು ವರ್ಷ ಇದ್ರೂ ನೀವು ಭಾರತದ ಪ್ರಜೆ ಅಂತಾನೇ ಲೆಕ್ಕ, ಹಾಗಾಗಿ ಹೆಡ್ಡಾಫೀಸ್ ಕ್ಯಾಲಿಫೋರ್ನಿಯಾದಲ್ಲೇ ಇರೋ ಕಂಪನಿ ವಿರುದ್ಧನೂ ಡೈವರ್ಸಿಟಿ ಇರತ್ತೆ. ಗ್ರೀನ್ ಕಾರ್ಡ್ ಬಂದು ಇಲ್ಲೇ ಮನೆ ಮಾಡಿದ್ರೆ ಅದೇ ಕಂಪನಿ ವಿರುದ್ಧ ಇರಲ್ಲ. ಆದ್ರೆ ಇನ್ನೊಂದು ರೂಲ್ ಇದೆ, ಸ್ವಂತ ರಾಜ್ಯದ ಕಂಪನಿ ಸಮನ್ಸ್ ತಲುಪಿದ ಮೇಲೆ ಬರೀ ಡೈವರ್ಸಿಟಿ ಹೇಳಿ ಸ್ಥಳೀಯ ಕೋರ್ಟಿಂದ ಓಡೋ ಹಾಗಿಲ್ಲ. ಟೆಕ್ಸಾಸ್ ಕಂಪನಿ ಆದ್ರೆ ಓಡಬಹುದು.

ಈ ಥರ ತಪ್ಪಾಗಿ ಎಳ್ಕೊಂಡು ಹೋಗಿದ್ರೆ ವಾಪಸ್ ಕಳಿಸಿ ಅಂತ ಕೇಳೋಕೆ ನಿಮಗೂ 30 ದಿನಾನೇ, ಮೀರಿದ್ರೆ ಆ ಆಕ್ಷೇಪ ಹೋಯ್ತು. ದಯವಿಟ್ಟು ಈ ನೋಟಿಸ್ ಇಮೇಲಲ್ಲಿ ಬಂದಾಗ ವೀಕೆಂಡಿಗೆ ನೋಡೋಣ ಅಂತ ಇಡ್ಬೇಡಿ.

ಇನ್ನೂ ಕೇಸೇ ಹಾಕಿಲ್ಲ ಅನ್ನೋರಿಗೆ ಗಡುವು ಬೇರೆ: ಕೆಲಸದ ತಾರತಮ್ಯದ ದೂರು ನೋಡೋ ಫೆಡರಲ್ ಆಯೋಗ ಇಇಒಸಿಗೆ ದೂರು ಕೊಡೋಕೆ ಇಲ್ಲಿ 300 ದಿನ, ಸ್ಟೇಟ್ ಸಿವಿಲ್ ರೈಟ್ಸ್ ಇಲಾಖೆಗೆ 3 ವರ್ಷ. ಕೆಲಸ ಹೋಗಿ, ಆಮೇಲೆ ಇಲ್ಲಿ ಉಳಿಯೋಕೆ ಸಿಗೋ 60 ದಿನದ ಗ್ರೇಸ್ ಮುಗಿದು ಬೆಂಗಳೂರಿಗೆ ವಾಪಸ್ ಹೋದವರೂ ಈ ಕೇಸ್ ಹಾಕಬಹುದು, ವೀಸಾ ಮುಗಿದ ತಕ್ಷಣ ಹಕ್ಕು ಮುಗಿಯಲ್ಲ.