ಜ್ವರ ಬಿಟ್ಟ ಮೇಲೂ ಸ್ಲೈಡಿನಲ್ಲಿ ಕಾಣುವ ರೋಗಾಣು

ಮಳೆಗಾಲ ಬಂತೆಂದರೆ ಕುಂಬಳೆಯ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ಜಗಳ. ಮಂಗಳೂರಿನ ಕಟ್ಟಡ ಕೆಲಸದಿಂದ ಫಾಲ್ಸಿಪಾರಂ ಮಲೇರಿಯಾ ಹೊತ್ತು ತಂದವರು ಮೂರು ದಿನ ಮಾತ್ರೆ ನುಂಗುತ್ತಾರೆ, ಜ್ವರ ಬಿಡುತ್ತದೆ, ಗಂಜಿ ರುಚಿಸುತ್ತದೆ. ಎರಡು ವಾರದ ನಂತರದ ರಕ್ತಪರೀಕ್ಷೆಯಲ್ಲಿ ‘ಗ್ಯಾಮಿಟೋಸೈಟ್ ಇದೆ’, ಅಂದರೆ ಸೊಳ್ಳೆಗೆ ದಾಟುವ ಗಂಡು-ಹೆಣ್ಣು ರೂಪದ ರೋಗಾಣು ಇದೆ, ಎಂದು ಬಂದರೆ ಸಾಕು, ಮದ್ದು ಸುಳ್ಳು, ರೋಗಾಣು ಜೀನ್ ಬದಲಿಸಿಕೊಂಡಿದೆ ಎಂದು ಕೂಗಾಡುತ್ತಾರೆ.

ಜೀನ್ ಬದಲಾಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಕಳೆದ ಆಟಿ ತಿಂಗಳಲ್ಲಿ ಹೀಗೆ ಬಂದ ಯುವಕನ ತಾಯಿ ಮಗ್ಗದಲ್ಲಿ ಸೀರೆ ನೇಯುವವರು. ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಬಿದಿಗೆ ಚಂದ್ರನಂತೆ ಬಾಗಿದ ರೂಪ, ನಡುವೆ ಕಂದು ಕಣಗಳು. 1880ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಗಮನಿಸಿದ್ದೂ ಇದೇ ಬಾಗಿದ ರೂಪವನ್ನು. “ಅಮ್ಮ, ಕಂಡಿಕೆಗೆ ಬಿಗಿಯಾಗಿ ಸುತ್ತಿಟ್ಟ ನೂಲು ಬಟ್ಟೆಗೆ ಬರುತ್ತದೆಯೇ?” ಎಂದು ಕೇಳಿದೆ. “ಬಿಚ್ಚದೆ ಎಲ್ಲಿ ಬರುತ್ತದೆ ಡಾಕ್ಟರೇ?” ಎಂದರು.

ರೋಗಾಣುವಿನ ಡಿಎನ್‌ಎ ಕೂಡ ನೂಲೇ. ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದೊಂದು ಉಂಡೆಗೆ ಸುಮಾರು 147 ಅಕ್ಷರಗಳಷ್ಟು ಉದ್ದ ಸುತ್ತಿಕೊಂಡಿರುತ್ತದೆ. ಎಚ್3 ಎಂಬ ಹಿಸ್ಟೋನಿನ ಒಂಬತ್ತನೆಯ ಸ್ಥಾನದ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಮೂರು ಮಿಥೈಲ್ ಗುಂಪುಗಳು ಅಂಟಿದರೆ ಎಚ್‌ಪಿ1 ಎಂಬ ಪ್ರೋಟೀನು ಬಂದು ಕೂರುತ್ತದೆ, ಆ ಭಾಗದ ಜೀನ್ ಮೌನವಾಗುತ್ತದೆ. ಹಾಗೆ ಮೌನವಾಗಿರುವ ಜೀನ್‌ಗಳಲ್ಲಿ ಎಪಿ2-ಜಿ ಒಂದು. ಜಿಡಿವಿ1 ಎಂಬ ಇನ್ನೊಂದು ಪ್ರೋಟೀನು ಎಚ್‌ಪಿ1 ಅನ್ನು ಎಬ್ಬಿಸಿ ಕಳಿಸಿದಾಗ ಎಪಿ2-ಜಿ ಎಚ್ಚರಗೊಳ್ಳುತ್ತದೆ. ರೋಗಾಣು ಗಂಡು ಅಥವಾ ಹೆಣ್ಣು ಗ್ಯಾಮಿಟೋಸೈಟ್ ಆಗುವ ದಾರಿ ಹಿಡಿಯುತ್ತದೆ. ಸಾಮಾನ್ಯವಾಗಿ ರಕ್ತದಲ್ಲಿ ರೋಗಾಣು ಹೆಚ್ಚುವ ಪ್ರತಿ ಸುತ್ತಿನಲ್ಲಿ ಹಾಗೆ ಹೊರಡುವವು ಕೆಲವೇ. 2014ರಲ್ಲಿ ಪ್ರಯೋಗಾಲಯದಲ್ಲಿ ಎಚ್‌ಪಿ1 ಅನ್ನು ತೆಗೆದುಹಾಕಿದಾಗ ಅರ್ಧಕ್ಕಿಂತ ಹೆಚ್ಚು ರೋಗಾಣುಗಳು ಗ್ಯಾಮಿಟೋಸೈಟ್ ಆದವು. ಡಿಎನ್‌ಎಯ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಈ ರೂಪ ಬಲಿಯಲು ಸುಮಾರು ಹತ್ತು ದಿನ ಬೇಕು. ಇದು ಜ್ವರ ತರುವುದಿಲ್ಲ, ಸೊಳ್ಳೆಗಾಗಿ ಕಾಯುತ್ತದೆ. ಮೂರು ದಿನದ ಮಾತ್ರೆ ಜ್ವರ ತರುವ ರೂಪಗಳನ್ನು ಕೊಲ್ಲುತ್ತದೆ. ಬಲಿತ ಗ್ಯಾಮಿಟೋಸೈಟುಗಳಿಗೆ ಪ್ರಿಮಾಕ್ವಿನ್ ಬೇಕು. ಜ್ವರ ತರುವ ಬಗೆಯ ಉಂಗುರದ ರೂಪಗಳು ಸ್ಲೈಡಿನಲ್ಲಿ ಮತ್ತೆ ಕಂಡರೆ, ಜ್ವರ ಮರಳಿದರೆ, ಅದು ಬೇರೆಯೇ ಸಂಗತಿ, ತಡಮಾಡದೆ ಬನ್ನಿ. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾಕ್ಕೂ ಈ ಲೆಕ್ಕ ಹಚ್ಚಬೇಡಿ, ಅದಕ್ಕೆ ಪ್ರಿಮಾಕ್ವಿನ್ 14 ದಿನದ್ದು.

ತಾಯಿ ಚೀಲದಿಂದ ಒಂದು ಪೊಟ್ಟಣ ತೆಗೆದರು. ಒಂದೇ ಸಲಕ್ಕೆ ನುಂಗಬೇಕಿದ್ದ ಪ್ರಿಮಾಕ್ವಿನ್, 7.5 ಮಿಲಿಗ್ರಾಂನ ಆರು ಮಾತ್ರೆ, ಒಂದೂ ಕದಲಿರಲಿಲ್ಲ. “ಜ್ವರ ಬಿಟ್ಟಿತಲ್ಲ ಎಂದು ಇಟ್ಟುಕೊಂಡೆವು. ಈಗ ಇವನನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಗೂ ಹೋಗುತ್ತದೆಯೇ? ಅಲ್ಲಿ ಬಾಣಂತಿ ಇದ್ದಾಳೆ.”

ಪ್ರಿಮಾಕ್ವಿನ್ ನುಂಗಿದರೆ ಕೆಂಪು ರಕ್ತಕಣ ಒಡೆಯುವಂತೆ ಮಾಡುವ ಜಿ6ಪಿಡಿ ಕಿಣ್ವದ ಕೊರತೆ ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತಪಡಿಸಿಕೊಂಡೆ. ಹುಡುಗ ಊಟ ಮಾಡಿ ಬಂದ. ಆರನೆಯ ಮಾತ್ರೆ ಗಂಟಲಿಳಿಯುವವರೆಗೆ ತಾಯಿ ನೀರಿನ ಲೋಟ ಹಿಡಿದು ಅವನ ಎದುರೇ ನಿಂತಿದ್ದರು.